ಕುಡಿಯುವ ನೀರು ಬೇರೆ, ಬಳಸುವ ನೀರು ಬೇರೆಯೇ?

ಪಾವಗಡ, ಮಧುಗಿರಿ ಕಡೆಯ ಹಳ್ಳಿಗಳಲ್ಲಿ ಯಾರ ಮನೆಯ ಮುಂದಾದರೂ ನಿಂತು ನೀರು ಕೇಳಿದರೆ, ಕೊಡುವವರು ಮೊದಲು ಒಂದು ಪ್ರಶ್ನೆ ಹಾಕುತ್ತಾರೆ: ‘ಕುಡಿಯೋ ನೀರೋ, ಬಳಸೋ ನೀರೋ?’ ಅಡುಗೆಮನೆಯ ಒಂದು ಮೂಲೆಯಲ್ಲಿ ಶುದ್ಧ ನೀರಿನ ಘಟಕದಿಂದ ತಂದ ಇಪ್ಪತ್ತು ಲೀಟರಿನ ಕ್ಯಾನು. ಹಿತ್ತಲಲ್ಲಿ ನಲ್ಲಿ ನೀರು ತುಂಬಿದ ಡ್ರಮ್ಮು. ಒಂದು ತಲೆಮಾರಿನ ಹಿಂದೆ ಇಂತಹ ಪ್ರಶ್ನೆಗೆ ಅರ್ಥವೇ ಇರಲಿಲ್ಲ. ಸೇದುವ ಬಾವಿಯ ನೀರನ್ನೇ ಕುಡಿಯುತ್ತಿದ್ದರು, ಅದರಲ್ಲೇ ಬೇಯಿಸುತ್ತಿದ್ದರು, ಅದರಲ್ಲೇ ಪಾತ್ರೆ ತೊಳೆಯುತ್ತಿದ್ದರು. ಈಗ ನೀರು ಎರಡಾಗಿದೆ. ಮೇಲ್ನೋಟಕ್ಕೆ ಇದು ಆರೋಗ್ಯದ ಬಗ್ಗೆ ಜನರಲ್ಲಿ ಮೂಡಿದ ಎಚ್ಚರದಂತೆ ಕಾಣುತ್ತದೆ. ಆದರೆ ಈ ವಿಂಗಡಣೆಯಲ್ಲಿಯೇ ನಮ್ಮ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ಒಂದು ದೊಡ್ಡ ಸೋಲು ಅಡಗಿದೆ ಎಂಬುದನ್ನು ನಾವು ಇನ್ನೂ ಗಮನಿಸಿದಂತಿಲ್ಲ.

2024ರ ಜೂನ್‌ನಲ್ಲಿ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ಊರ ಜಾತ್ರೆ ಮುಗಿಯುತ್ತಿದ್ದಂತೆಯೇ ವಾಂತಿ–ಭೇದಿ ಕಾಣಿಸಿಕೊಂಡಿತು. ಹತ್ತಾರು ಜನ ಆಸ್ಪತ್ರೆ ಸೇರಿದರು. ವೃದ್ಧರು, ಪುಟ್ಟ ಮಗು ಸೇರಿದಂತೆ ಕೆಲವರು ಜೀವ ಕಳೆದುಕೊಂಡರು. ಊರಿಗೆ ಪೂರೈಕೆಯಾಗುತ್ತಿದ್ದ ನೀರಿನ ಮೇಲೆ ಎಲ್ಲರ ಕಣ್ಣು ಬಿತ್ತು. ಅಧಿಕಾರಿಗಳು ಧಾವಿಸಿದರು, ಮಾದರಿಗಳು ಪ್ರಯೋಗಾಲಯಕ್ಕೆ ಹೋದವು, ಕೆಳಹಂತದ ನೌಕರರ ಮೇಲೆ ಕ್ರಮವಾಯಿತು. ಇದು ಹೊಸ ಕಥೆಯೇನಲ್ಲ. 2022ರ ಬೇಸಿಗೆಯಲ್ಲಿ ರಾಯಚೂರು, 2023ರ ಜೂನ್‌ನಲ್ಲಿ ಕೊಪ್ಪಳ ಜಿಲ್ಲೆಯ ಬಸರಿಹಾಳ, ಅದೇ ವರ್ಷದ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ. ಊರಿನ ಹೆಸರು ಮಾತ್ರ ಬದಲಾಗುತ್ತದೆ. ಸಾವು, ಪರಿಹಾರ, ಅಮಾನತು, ಟ್ಯಾಂಕರ್ ನೀರು, ಮರೆವು – ಈ ಅನುಕ್ರಮ ಬದಲಾಗುವುದಿಲ್ಲ.

ಈ ಸೀಮೆಯ ನೀರಿನಲ್ಲಿ ಇನ್ನೊಂದು ಕೇಡೂ ಇದೆ. ಅದು ಇಷ್ಟು ಅವಸರದ್ದಲ್ಲ. ಅದರ ಹೆಸರು ಫ್ಲೋರೈಡ್. ಅದು ಯಾರನ್ನೂ ರಾತ್ರೋರಾತ್ರಿ ಆಸ್ಪತ್ರೆಗೆ ಸೇರಿಸುವುದಿಲ್ಲ. ಮಗುವಿನ ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡುವಾಗ ಅದರ ಮೇಲೆ ಮೊದಲು ಸುಣ್ಣದಂಥ ಬಿಳಿ ಮಚ್ಚೆಯಾಗಿ, ಮುಂದೆ ಕಂದು ಗೆರೆಯಾಗಿ ಕಾಣಿಸಿಕೊಳ್ಳುತ್ತದೆ. ವರ್ಷಗಟ್ಟಲೆ ಅದೇ ನೀರು ಕುಡಿದವರಲ್ಲಿ ಕೀಲುಗಳು ಬಿಗಿಯುತ್ತವೆ, ಕತ್ತು ಹೊರಳುವುದಿಲ್ಲ, ಬೆನ್ನು ಬಾಗುತ್ತದೆ. ನಲವತ್ತರ ವಯಸ್ಸಿಗೇ ಅರವತ್ತರ ನಡಿಗೆ ಬಂದುಬಿಡುತ್ತದೆ. ಹಾಳಾದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ಬಾರದಂತೆ ತಡೆಯುವುದೊಂದೇ ದಾರಿ. ಭಾರತದಲ್ಲಿ ಈ ರೋಗವನ್ನು ವೈದ್ಯರು ಗುರುತಿಸಿ ದಾಖಲಿಸಿದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಅಂದರೆ ರೋಗದ ಕಾರಣ ಗೊತ್ತಾಗಿ ಒಂಬತ್ತು ದಶಕಗಳಾಗುತ್ತ ಬಂದವು.

ಚಿನ್ನೇನಹಳ್ಳಿಯ ಸಾವಿಗಾಗಿ ನೌಕರರ ಮೇಲೆ ಕ್ರಮವಾಯಿತು. ಬಾಗಿದ ಬೆನ್ನಿಗಾಗಿ ಈವರೆಗೆ ಯಾರಾದರೂ ಅಮಾನತಾದರೆಂದು ಕೇಳಿದವರುಂಟೆ? ಒಂದು ದಿನದಲ್ಲಿ ಕೊಲ್ಲುವ ನೀರು ಸುದ್ದಿಯಾಗುತ್ತದೆ. ಇಪ್ಪತ್ತು ವರ್ಷಗಳಲ್ಲಿ ಊನ ಮಾಡುವ ನೀರು ಹಣೆಬರಹವಾಗುತ್ತದೆ. ನಮ್ಮ ಆಡಳಿತದ ಕಣ್ಣಿಗೆ ಇವೆರಡೂ ಬೇರೆ ಬೇರೆ ಸಮಸ್ಯೆಗಳು. ಒಂದರ ಮದ್ದು ಇನ್ನೊಂದನ್ನು ಹೇಗೆ ಉಲ್ಬಣಗೊಳಿಸಿದೆ ಎಂಬುದನ್ನು ನೋಡಬೇಕಾದರೆ ಫ್ಲೋರೈಡ್ ಎಲ್ಲಿಂದ ಬಂತು ಎಂಬಲ್ಲಿಂದ ಆರಂಭಿಸಬೇಕು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳು ಕಲ್ಲುಬಂಡೆಯ ನಾಡು. ಮಧುಗಿರಿಯ ಏಕಶಿಲಾ ಬೆಟ್ಟವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಖನಿಜಗಳಲ್ಲಿ ಫ್ಲೋರೈಡ್ ಸಹಜವಾಗಿಯೇ ಇದೆ. ಮಳೆ ನೀರು ಬಂಡೆಯ ಬಿರುಕುಗಳಲ್ಲಿ ಹೆಚ್ಚು ಕಾಲ ನಿಂತಷ್ಟೂ ಅದನ್ನು ಹೆಚ್ಚು ಹೆಚ್ಚಾಗಿ ಕರಗಿಸಿಕೊಳ್ಳುತ್ತದೆ. ಕೆರೆ ಮತ್ತು ತೆರೆದ ಬಾವಿಗಳ ಕಾಲದಲ್ಲಿ ಜನ ಕುಡಿಯುತ್ತಿದ್ದುದು ಬಹುಮಟ್ಟಿಗೆ ಆಯಾ ವರ್ಷದ ಮಳೆಯ ನೀರನ್ನು. ಕೊಳವೆಬಾವಿಗಳು ನೂರಾರು ಅಡಿ, ಆಮೇಲೆ ಸಾವಿರ ಅಡಿ ದಾಟಿ ಇಳಿದಂತೆ ನಾವು ಅಜ್ಜ ಮುತ್ತಜ್ಜಂದಿರ ಕಾಲದ ಮಳೆಯನ್ನು, ಬಂಡೆಯೊಳಗೆ ಕುಳಿತು ಹಳಸಿದ ನೀರನ್ನು ಮೇಲೆತ್ತತೊಡಗಿದೆವು. ಕೆರೆ ಹೂಳು ತುಂಬಿತು. ಬಾವಿ ಕಸದ ಗುಂಡಿಯಾಯಿತು. ಬರದ ಸೀಮೆಯಲ್ಲಿ ಕೊಳವೆಬಾವಿ ಜೀವ ಉಳಿಸಿತು ಎಂಬುದು ಎಷ್ಟು ನಿಜವೋ, ಅದು ನೀರಿನ ಗುಣವನ್ನು ಕೆಡಿಸಿತೆಂಬುದೂ ಅಷ್ಟೇ ನಿಜ.

ಭಾರತೀಯ ಮಾನಕಗಳ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ 1.5 ಎನ್ನುತ್ತದೆ; ಆದರೆ ಆಯಾ ಪ್ರದೇಶದ ಹವಾಮಾನ ಮತ್ತು ಜನ ಕುಡಿಯುವ ನೀರಿನ ಪ್ರಮಾಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದೂ ಸೇರಿಸುತ್ತದೆ. ದೇಹಕ್ಕೆ ಕೆಡುಕಾಗುವುದು ಲೀಟರಿನಲ್ಲಿ ಎಷ್ಟಿದೆ ಎಂಬುದರಿಂದಷ್ಟೇ ಅಲ್ಲ, ದಿನಕ್ಕೆ ಎಷ್ಟು ಲೀಟರ್ ಒಳಗೆ ಹೋಯಿತು ಎಂಬುದರಿಂದ. ಕಚೇರಿಯಲ್ಲಿ ಕುಳಿತವರು ಎರಡು ಲೀಟರ್ ಕುಡಿದಾರು. ಏಪ್ರಿಲ್ ಬಿಸಿಲಲ್ಲಿ ಪಾವಗಡದ ಹೊಲದಲ್ಲಿ ಕೂಲಿ ಮಾಡುವ ಹೆಂಗಸಿಗೆ ನಾಲ್ಕು ಲೀಟರ್ ಸಾಲದು. ಒಂದೇ ನೀರು, ಒಂದೇ ಅಳತೆ. ಆದರೆ ಅವಳ ಮೂಳೆಗೆ ಸೇರುವ ವಿಷ ಇಮ್ಮಡಿ. ಬಡತನ ಮತ್ತು ಅಪೌಷ್ಟಿಕತೆ ಜೊತೆಗೂಡಿದರೆ ಕೇಡು ಇನ್ನಷ್ಟು. ನೀರನ್ನು ಕಾಯಿಸಿದರೆ ಸೂಕ್ಷ್ಮಜೀವಿಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಮುದ್ದೆಗಿಟ್ಟ ಎಸರಿನಲ್ಲಿ, ಬೇಳೆ ಬೇಯಿಸಿದ ನೀರಿನಲ್ಲಿ ಅದು ತಟ್ಟೆಗೆ ಬರುತ್ತದೆ.

ಈ ಸಮಸ್ಯೆಗೆ ಸರ್ಕಾರ ಕಂಡುಕೊಂಡ ಉತ್ತರ ಶುದ್ಧ ಕುಡಿಯುವ ನೀರಿನ ಘಟಕ. ಐದು ರೂಪಾಯಿಯ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಬರುವ ಆ ಪುಟ್ಟ ಕೊಠಡಿಗಳು ರಾಜ್ಯದ ಹಳ್ಳಿಗಳಲ್ಲೆಲ್ಲ ಎದ್ದಿವೆ. ಅವನ್ನು ಹಗುರವಾಗಿ ಕಾಣುವುದು ತಪ್ಪು. ಚೆನ್ನಾಗಿ ನಡೆಯುವ ಘಟಕವಿರುವ ಊರಿನಲ್ಲಿ ಮಕ್ಕಳ ಹಲ್ಲು ಉಳಿಯುತ್ತದೆ. ಆದರೆ ಅದರ ಮಿತಿಗಳನ್ನೂ ಅರಿಯಬೇಕು. ಒತ್ತಡ ಹಾಕಿ ಸೂಕ್ಷ್ಮ ಪೊರೆಯ ಮೂಲಕ ನೀರನ್ನು ಹಾಯಿಸುವ ಈ ವಿಧಾನದಲ್ಲಿ ಒಳಗೆ ಹೋದ ನೀರಿನ ಒಂದು ದೊಡ್ಡ ಪಾಲು ತ್ಯಾಜ್ಯವಾಗುತ್ತದೆ. ಮೊದಲಿಗಿಂತ ಹೆಚ್ಚು ಫ್ಲೋರೈಡ್ ಹೊತ್ತ ಆ ನೀರು ಚರಂಡಿಗೆ ಹರಿದು ಮತ್ತೆ ನೆಲ ಸೇರುತ್ತದೆ. ಪೊರೆಯನ್ನು ಕಾಲಕಾಲಕ್ಕೆ ಬದಲಿಸಬೇಕು, ವಿದ್ಯುತ್ ಇರಬೇಕು, ಕೆಟ್ಟರೆ ರಿಪೇರಿ ಮಾಡುವವರು ಬರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಜನ ಮತ್ತೆ ನಲ್ಲಿಯತ್ತ ತಿರುಗುತ್ತಾರೆ. ಇನ್ನೂ ಮುಖ್ಯವಾದ ಸಂಗತಿಯೆಂದರೆ ಘಟಕದಿಂದ ಹೊರಬರುವ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ತೊಳೆಯದ ಕ್ಯಾನಿಗೆ ತುಂಬಿ, ಎರಡು ದಿನ ಇಟ್ಟು, ಲೋಟ ಅದ್ದಿ ಕುಡಿದರೆ ಅದನ್ನು ಕಾಯುವ ರಕ್ಷಣೆಯೇನೂ ಅದರಲ್ಲಿಲ್ಲ.

ಘಟಕ ಬಂದ ಮೇಲೆ ನಮ್ಮ ಮನಸ್ಸಿನಲ್ಲಿ ಆದ ಬದಲಾವಣೆ ಇವೆಲ್ಲಕ್ಕಿಂತ ದೊಡ್ಡದು. ‘ಕುಡಿಯುವ ನೀರು’ ಕ್ಯಾನಿಗೆ ಹೋದ ಕೂಡಲೇ ನಲ್ಲಿಯ ನೀರು ‘ಬಳಸುವ ನೀರು’ ಆಯಿತು. ಬಳಸುವ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿದರೇನು, ಬಿಟ್ಟರೇನು? ಓವರ್‌ಹೆಡ್ ಟ್ಯಾಂಕ್ ತೊಳೆದು ಎಷ್ಟು ತಿಂಗಳಾಯಿತು ಎಂದು ಕೇಳುವವರು ಯಾರು? ಪೈಪು ಒಡೆದು ಚರಂಡಿಯೊಳಗೇ ಹಾದುಹೋಗಿದ್ದರೂ, ‘ಅದೇನು ಕುಡಿಯೋ ನೀರಲ್ಲವಲ್ಲ’ ಎಂಬ ಸಮಾಧಾನ ಪಂಚಾಯಿತಿಗೂ ಉಂಟು, ಊರಿಗೂ ಉಂಟು. ಆದರೆ ಆ ನೀರನ್ನು ಕುಡಿಯುವವರು ಇದ್ದೇ ಇದ್ದಾರೆ. ಕ್ಯಾನು ಹೊತ್ತು ತರಲಾರದ ಮುದುಕರು, ಆಟದ ನಡುವೆ ಓಡಿ ಬಂದು ನಲ್ಲಿಗೆ ಬಾಯಿಡುವ ಮಕ್ಕಳು, ದಿನವೂ ಐದು ರೂಪಾಯಿ ಎಣಿಸಬೇಕಾದ ಮನೆಗಳು, ಘಟಕ ಬಾಗಿಲು ಹಾಕಿದ ದಿನ ಎಲ್ಲರೂ. ಜಾತ್ರೆಯಂದು ನೂರಾರು ಜನರಿಗೆ ಬೇಯಿಸುವಾಗ, ಎಲೆ ಮುಂದೆ ಕೂತವರಿಗೆ ಲೋಟ ತುಂಬುವಾಗ ಎಲ್ಲ ನೀರೂ ಕ್ಯಾನಿನಿಂದ ಬಂದೀತೆ? ನಿಧಾನ ವಿಷಕ್ಕೆ ಹುಡುಕಿದ ಮದ್ದು, ನಮಗರಿವಿಲ್ಲದೆಯೇ, ಅವಸರದ ವಿಷಕ್ಕೆ ಬಾಗಿಲು ತೆರೆದದ್ದು ಹೀಗೆ.

ಇದರ ಹಿಂದಿನ ಯಂತ್ರವಿಜ್ಞಾನ ಸರಳ. ಹಳ್ಳಿಗಳಲ್ಲಿ ನೀರು ದಿನವಿಡೀ ಬರುವುದಿಲ್ಲ. ಬಿಟ್ಟಾಗ ಪೈಪಿನಲ್ಲಿ ಒತ್ತಡ. ನಿಲ್ಲಿಸಿದಾಗ ಪೈಪು ಬರಿದಾಗಿ ಹೊರಗಿನದ್ದನ್ನು ಒಳಕ್ಕೆ ಹೀರುತ್ತದೆ. ಸಂದು ಬಿಟ್ಟ ಪೈಪಿನ ಪಕ್ಕದಲ್ಲಿ ಚರಂಡಿ ಇದ್ದರೆ ಹೀರುವುದು ಚರಂಡಿಯನ್ನೇ. 2019ರ ಅಕ್ಟೋಬರ್ 2ರಂದು ದೇಶದ ಗ್ರಾಮಗಳು ಬಯಲುಶೌಚಮುಕ್ತ ಎಂದು ಘೋಷಣೆಯಾಯಿತು. ಶೌಚಾಲಯ ಕಟ್ಟಿದ್ದು ಒಳ್ಳೆಯ ಕೆಲಸವೇ. ಆದರೆ ಶೌಚದ ಗುಂಡಿಗೂ ಕೊಳವೆಬಾವಿಗೂ ಎಷ್ಟು ಅಂತರವಿದೆ, ತುಂಬಿದ ಗುಂಡಿಯ ಮಲ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗಳು ಘೋಷಣೆಯ ಆಚೆ ಉಳಿದವು. ತುಮಕೂರಿನಿಂದ ಶಿರಾದತ್ತ ಹೆದ್ದಾರಿಯ ಬದಿಯ ಊರುಗಳು ಕೈಗಾರಿಕೆಯ ಸೆಳೆತಕ್ಕೆ ಬೆಳೆಯುತ್ತಿವೆ. ಊರು ಬೆಳೆದಷ್ಟು ವೇಗವಾಗಿ ಚರಂಡಿ ಬೆಳೆಯುವುದಿಲ್ಲ ಎಂಬುದು ನಮ್ಮ ನಗರಗಳೆಲ್ಲ ಕಲಿಸಿದ ಪಾಠ.

ಬೆಳವಣಿಗೆಯ ಅವಸರದಲ್ಲಿ ನೀರನ್ನು ಮರೆತವರಿಗೆ ಇತಿಹಾಸದಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಹ್ಯಾಂಬರ್ಗ್ ವೇಗವಾಗಿ ಬೆಳೆಯುತ್ತಿದ್ದ ಶ್ರೀಮಂತ ಬಂದರು ನಗರ. ಎಲ್ಬ್ ನದಿಯ ನೀರನ್ನು ಅದು ಸೋಸದೆಯೇ ಮನೆಗಳಿಗೆ ಬಿಡುತ್ತಿತ್ತು. ಸೋಸುವ ವ್ಯವಸ್ಥೆಗೆ ಹಣ ಹಾಕಲು ನಗರದ ವರ್ತಕ ಪ್ರಭುಗಳು ವರ್ಷಗಟ್ಟಲೆ ಮೀನಮೇಷ ಎಣಿಸಿದ್ದರು. 1892ರ ಬೇಸಿಗೆಯ ಕೊನೆಗೆ ಕಾಲರಾ ಬಂತು. ಬಂದರಿನ ವ್ಯಾಪಾರ ನಿಂತೀತೆಂಬ ಭಯದಿಂದ ರೋಗವನ್ನು ಒಪ್ಪಿಕೊಳ್ಳಲೂ ತಡಮಾಡಿದರು. ಕೆಲವೇ ವಾರಗಳಲ್ಲಿ 8,000ಕ್ಕೂ ಹೆಚ್ಚು ಜನ ಸತ್ತರು. ಹ್ಯಾಂಬರ್ಗಿಗೆ ಅಂಟಿಕೊಂಡಂತೆಯೇ ಆಲ್ಟೋನಾ ಎಂಬ ಇನ್ನೊಂದು ಪಟ್ಟಣವಿತ್ತು. ಅದು ನೀರೆತ್ತುತ್ತಿದ್ದುದು ಹ್ಯಾಂಬರ್ಗಿನ ಕೊಳಚೆಯೂ ಸೇರಿದ ಕೆಳಹರಿವಿನಿಂದ. ಆದರೂ ಅಲ್ಲಿ ಸತ್ತವರು ಬಹಳ ಕಡಿಮೆ. ಕಾರಣ, ಆ ಪಟ್ಟಣ ನೀರನ್ನು ಮರಳಿನ ಹಾಸಿನಲ್ಲಿ ಸೋಸಿ ಬಿಡುತ್ತಿತ್ತು. ಎರಡೂ ಊರುಗಳ ಗಡಿಯ ಬೀದಿಯಲ್ಲಿ ಒಂದು ಬದಿಯ ಮನೆಗಳಲ್ಲಿ ಕಾಲರಾ ಇದ್ದರೆ ಇನ್ನೊಂದು ಬದಿಯಲ್ಲಿ ಇರಲಿಲ್ಲ. ವಿಜ್ಞಾನಿ ರಾಬರ್ಟ್ ಕಾಖ್ ಇದನ್ನು ಲೋಕದ ಗಮನಕ್ಕೆ ತಂದರು. ಮರುವರ್ಷವೇ ಹ್ಯಾಂಬರ್ಗಿನಲ್ಲಿ ಶೋಧಕ ಸಿದ್ಧವಾಯಿತು. ನದಿ ಶುದ್ಧವಾಗಿರಲಿಲ್ಲ, ಆಲ್ಟೋನಾವನ್ನು ಉಳಿಸಿದ್ದು ದಿನದಿನವೂ ತಪ್ಪದೆ ನಡೆದ ಒಂದು ಕೆಲಸ.

ನಮ್ಮ ರಾಜಕಾರಣ ಎಡವುವುದು ಇಲ್ಲಿಯೇ. ನಮ್ಮಲ್ಲಿ ನೀರೆಂದರೆ ಯೋಜನೆ, ಯೋಜನೆಯೆಂದರೆ ಪ್ರಮಾಣ. 2020ರ ಶಿರಾ ಉಪಚುನಾವಣೆಯಲ್ಲಿ ಮದಲೂರು ಕೆರೆಗೆ ಹೇಮಾವತಿ ಹರಿಸುವುದೇ ದೊಡ್ಡ ಭರವಸೆಯಾಗಿತ್ತು. ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ದೊರೆತಾಗ ಕೊರಟಗೆರೆ, ಮಧುಗಿರಿಯ ಕಡೆಯೂ ನಿರೀಕ್ಷೆ ಚಿಗುರಿತು. ತುಂಗಭದ್ರಾ ಹಿನ್ನೀರಿನಿಂದ ಪಾವಗಡಕ್ಕೆ ನೀರು ತರುವ ಬಹುಗ್ರಾಮ ಯೋಜನೆ 2025ರ ಜುಲೈನಲ್ಲಿ ಉದ್ಘಾಟನೆಗೊಂಡಿತು. ಫ್ಲೋರೈಡಿನಿಂದ ನರಳಿದ ತಾಲ್ಲೂಕಿಗೆ ಇದಕ್ಕಿಂತ ಸಂತೋಷದ ಸುದ್ದಿ ಬೇರಿಲ್ಲ. ಮೂಳೆಯನ್ನು ಉಳಿಸಬಲ್ಲದ್ದು ಕೊನೆಗೂ ಮೇಲ್ಮೈ ನೀರೇ. ಆದರೆ ನದಿಯ ನೀರು ಬಂದರೆ ಸಮಸ್ಯೆ ಮುಗಿಯಿತು ಎಂದುಕೊಂಡರೆ ಮೋಸ ಹೋದೇವು. ಬಂಡೆಯೊಳಗಿನ ನೀರಿನಲ್ಲಿ ಫ್ಲೋರೈಡ್ ಇದ್ದರೂ ಮಲದ ಸೋಂಕು ಕಡಿಮೆ. ನದಿಯ ನೀರಿನಲ್ಲಿ ಫ್ಲೋರೈಡ್ ಕಡಿಮೆ. ಆದರೆ ದಂಡೆಯ ಊರುಗಳ ಕೊಳಕೆಲ್ಲ ಅದರಲ್ಲಿದೆ. ಅದನ್ನು ಪ್ರತಿದಿನ ಸೋಸಬೇಕು, ಪ್ರತಿದಿನ ಕ್ಲೋರಿನ್ ಬೆರೆಸಬೇಕು, ಊರ ಕೊನೆಯ ನಲ್ಲಿಯಲ್ಲೂ ಅದು ಉಳಿದಿದೆಯೇ ಎಂದು ನೋಡಬೇಕು. ನಿಧಾನ ವಿಷದ ಭಯ ತಗ್ಗಿದಷ್ಟೂ ಅವಸರದ ವಿಷದ ಮೇಲಿನ ಕಾವಲು ಬಿಗಿಯಾಗಬೇಕು.

ಆ ಕಾವಲುಗಾರ ಯಾರು? ಜಲಮೂಲ ಮತ್ತು ಕಾಮಗಾರಿ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯದು. ಪೂರೈಕೆ ಗ್ರಾಮ ಪಂಚಾಯಿತಿಯದು. ಕಾಯಿಲೆ ಆರೋಗ್ಯ ಇಲಾಖೆಯದು. ಮೂವರ ನಡುವೆ ನಿಂತಿರುವವನು ನೀರುಗಂಟಿ. ಹಿಂದೆ ಕೆರೆಯ ತೂಬು ತೆಗೆದು ಗದ್ದೆಗದ್ದೆಗೆ ನ್ಯಾಯವಾಗಿ ನೀರು ಹಂಚುತ್ತಿದ್ದ, ಊರು ಮರ್ಯಾದೆ ಕೊಡುತ್ತಿದ್ದ ಹೆಸರು ಅದು. ಇಂದಿನ ನೀರುಗಂಟಿ ಅಲ್ಪ ವೇತನಕ್ಕೆ ಮೋಟಾರು ಹಾಕಿ, ವಾಲ್ವು ತಿರುಗಿಸಿ, ಬೈಗುಳ ತಿನ್ನುವ ನೌಕರ. ಬ್ಲೀಚಿಂಗ್ ಪುಡಿ ಎಷ್ಟು ಹಾಕಬೇಕು, ಏಕೆ ಹಾಕಬೇಕು ಎಂದು ಅವನಿಗೆ ಕೂಡಿಸಿ ಹೇಳಿಕೊಟ್ಟವರು ಅಪರೂಪ. ಸಾವು ಸಂಭವಿಸಿದಾಗ ಮಾತ್ರ ಅವನ ಹೆಸರು ಆದೇಶದ ಪ್ರತಿಯಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು ಊರಿನ ಆರೋಗ್ಯವನ್ನು ವೈದ್ಯರಿಗಿಂತ ಮೊದಲು ಕಾಯುವವನು ಅವನು ಎಂಬ ತಿಳಿವಳಿಕೆ ನಮ್ಮ ಆಡಳಿತಕ್ಕೆ ಬರುವವರೆಗೂ ಅಮಾನತುಗಳಿಂದ ಪ್ರಯೋಜನವಿಲ್ಲ.

ಎಲ್ಲ ನೀರನ್ನೂ ಫ್ಲೋರೈಡ್‌ಮುಕ್ತ ಮಾಡಲು ಸಾಧ್ಯವೇ, ಅಷ್ಟು ಹಣ ಎಲ್ಲಿದೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ದನ ತೊಳೆಯುವ ನೀರಿನಿಂದ ಫ್ಲೋರೈಡ್ ತೆಗೆಯಬೇಕಿಲ್ಲ. ಕುಡಿಯಲು ಮತ್ತು ಅಡುಗೆಗೆ ಫ್ಲೋರೈಡ್ ಇಲ್ಲದ ನೀರು, ಉಳಿದದ್ದಕ್ಕೆ ಸಾಮಾನ್ಯ ನೀರು ಎಂಬ ವಿಂಗಡಣೆ, ನದಿಯ ನೀರು ಮನೆಮನೆ ತಲುಪುವವರೆಗೆ, ಇರಲಿ. ಆದರೆ ಸೋಂಕಿನ ವಿಷಯದಲ್ಲಿ ಎರಡು ಬಗೆಯ ನೀರು ಇರಕೂಡದು. ಪಂಚಾಯಿತಿಯ ಪೈಪಿನಿಂದ ಬರುವ ಪ್ರತಿ ಹನಿಯೂ ಬಾಯಿಗೆ ಹೋಗುತ್ತದೆಂದೇ ತಿಳಿದು ಅದನ್ನು ಕಾಯಬೇಕು. ಇದು ದುಬಾರಿಯೂ ಅಲ್ಲ, ಕಷ್ಟದ ತಂತ್ರಜ್ಞಾನವೂ ಅಲ್ಲ. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂಬುದು ನಿಯಮ. ಅದನ್ನು ಹನಿ ದ್ರಾವಣ ಹಾಕಿ ಬಣ್ಣ ನೋಡಿ ಹೇಳಬಹುದು. 2019ರಲ್ಲಿ ಘೋಷಣೆಯಾದ ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ಕೊಡುವ ಏರ್ಪಾಟಿದೆ. ಆ ಕಿಟ್ಟುಗಳು ಬೀರುವಿನಿಂದ ಹೊರಬರಬೇಕು. ಫಲಿತಾಂಶ ದೂರದ ಕಚೇರಿಯ ಗಣಕಯಂತ್ರಕ್ಕಷ್ಟೇ ಅಲ್ಲ, ಊರ ಅರಳಿಕಟ್ಟೆಯ ಬಳಿಯ ಹಲಗೆಯ ಮೇಲೂ ಬರಬೇಕು. ಇವತ್ತಿನ ಕ್ಲೋರಿನ್ ಎಷ್ಟು, ಟ್ಯಾಂಕ್ ತೊಳೆದದ್ದು ಯಾವಾಗ, ಕಳೆದ ಪರೀಕ್ಷೆಯಲ್ಲಿ ಫ್ಲೋರೈಡ್ ಎಷ್ಟಿತ್ತು – ಈ ಮೂರು ಸಾಲು ಸಾಕು. ಹಾಲಿನ ಡೇರಿಯಲ್ಲಿ ಕೊಬ್ಬಿನಂಶ ಎಷ್ಟೆಂದು ದಿನಕ್ಕೆರಡು ಬಾರಿ ನೋಡಿ ಲೆಕ್ಕ ಕೇಳುವ ನಮ್ಮ ಹೆಣ್ಣುಮಕ್ಕಳಿಗೆ ನೀರಿನ ಲೆಕ್ಕ ಕೇಳುವುದು ಕಷ್ಟವೇನಲ್ಲ.

ಫ್ಲೋರೈಡಿನ ವಿಷಯದಲ್ಲೂ ಅಳತೆಗೋಲು ಕೈಯಲ್ಲೇ ಇದೆ. ಪ್ರತಿ ವರ್ಷ ಶಾಲೆಗಳಲ್ಲಿ ಹನ್ನೆರಡು ವರ್ಷದ ಮಕ್ಕಳ ಹಲ್ಲು ನೋಡಿದರೆ ಆ ಊರಿನ ನೀರಿನ ಹತ್ತು ವರ್ಷಗಳ ಚರಿತ್ರೆ ಅಲ್ಲಿ ಬರೆದಿರುತ್ತದೆ. ಘಟಕ ನಿಜವಾಗಿ ಕೆಲಸ ಮಾಡಿದೆಯೇ, ನದಿಯ ನೀರು ನಿಜವಾಗಿ ಮನೆಗೆ ಬಂದಿದೆಯೇ ಎಂಬುದಕ್ಕೆ ಅದಕ್ಕಿಂತ ಪ್ರಾಮಾಣಿಕ ವರದಿ ಇನ್ನೊಂದಿಲ್ಲ. ಇದರ ಜೊತೆಗೆ ಕೆರೆಗಳ ಹೂಳೆತ್ತುವುದು, ತೆರೆದ ಬಾವಿಗಳನ್ನು ಉಳಿಸುವುದು, ಶಾಲೆಯ ಚಾವಣಿಯ ಮಳೆಯನ್ನು ಹಿಡಿದಿಟ್ಟು ಬಿಸಿಯೂಟಕ್ಕೆ ಬಳಸುವುದು – ಇವು ಯಾವುವೂ ಹೊಸ ವಿಚಾರಗಳಲ್ಲ. ಬೇಕಿರುವುದು ಹಳೆಯ ವಿಚಾರಗಳನ್ನು ಬಿಡದೆ ನಡೆಸುವ ಶಿಸ್ತು.

ಪಾವಗಡದ ತಿರುಮಣಿ ಸುತ್ತಿನ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೌರ ಉದ್ಯಾನದಲ್ಲಿ 2,050 ಮೆಗಾವಾಟ್ ವಿದ್ಯುತ್ ಉತ್ಪಾದಿಸುವ ಸಾಮರ್ಥ್ಯವಿದೆ. ಅಲ್ಲಿ ಉತ್ಪಾದನೆಯಾಗುವ ಪ್ರತಿ ಯೂನಿಟ್ಟಿಗೂ ಮೀಟರ್ ಇದೆ, ಪ್ರತಿ ಕ್ಷಣದ ಲೆಕ್ಕವಿದೆ. ಅದೇ ತಾಲ್ಲೂಕಿನ ಒಂದು ಮಗು ಬೆಳಗ್ಗೆ ಕುಡಿದ ಲೋಟ ನೀರಿನಲ್ಲಿ ಏನಿತ್ತು ಎಂಬ ಲೆಕ್ಕ ಯಾರ ಬಳಿಯೂ ಇಲ್ಲ. ಬಿಸಿಲನ್ನು ಅಳೆಯಲು ಕಲಿತ ನಾಡು ನೀರನ್ನು ಅಳೆಯಲಾರದೆಂದರೆ ಅದನ್ನು ಅಸಾಮರ್ಥ್ಯ ಎನ್ನಲಾಗದು; ಅದು ಆದ್ಯತೆಯ ಪ್ರಶ್ನೆ. ‘ಕುಡಿಯೋ ನೀರೋ, ಬಳಸೋ ನೀರೋ’ ಎಂದು ಮನೆಯೊಡತಿ ಕೇಳಬೇಕಾಗಿ ಬಂದಿರುವುದು ಅವಳ ಮನೆಯ ಸಂಗತಿಯಲ್ಲ. ಅವಳ ಊರಿನ ನಲ್ಲಿಯ ಮೇಲಿನ ಜವಾಬ್ದಾರಿಯನ್ನು ನಾವು ಕೈಬಿಟ್ಟ ದಿನದಿಂದ ಆ ಪ್ರಶ್ನೆ ಹುಟ್ಟಿದೆ. ಚಿನ್ನೇನಹಳ್ಳಿಯ ನಂತರ ಇನ್ನೊಂದು ಊರಿನ ಹೆಸರು ಈ ಪಟ್ಟಿಗೆ ಸೇರುವ ಮುನ್ನ ಆ ಜವಾಬ್ದಾರಿಯನ್ನು ಮರಳಿ ಹೊರುವುದು ಸರ್ಕಾರದ ಕರ್ತವ್ಯ. ಹೊರುವಂತೆ ಒತ್ತಾಯಿಸುವುದು ನಮ್ಮೆಲ್ಲರದು.